ಮಾರ್ಗರಿ ಒಲ್ಲೆನೆಂದ ತೀರ್ಪು

ಮಾರ್ಗರಿ ಹೆಡ್ಲಿಗೆ ಲೀಕ್ ಕಂಡರೆ ಮೈಯುರಿ. ಈರುಳ್ಳಿಯ ದಾಯಾದಿಯಾದ ಈ ತರಕಾರಿಗೆ ಡರ್ಹ್ಯಾಮ್ ಕಡೆಯ ಕಲ್ಲಿದ್ದಲ ಗಣಿಯೂರುಗಳ ಗಂಡಸರು ಮಾಡುವ ಉಪಚಾರವನ್ನು ಹೆಂಡಿರಿಗೆ ಮಾಡಿದ್ದರೆ ಊರೇ ಸ್ವರ್ಗವಾಗುತ್ತಿತ್ತು. ಅವಳ ಗಂಡ ವಿಲ್ಫ್ ಊರ ಕ್ಲಬ್ಬಿನ ಲೀಕ್ ಪ್ರದರ್ಶನ-ಸ್ಪರ್ಧೆಯ ಹಿಂದಿನ ದಿನ ಲೀಕ್‌ಗಳನ್ನು ಸ್ನಾನದ ತೊಟ್ಟಿಯಲ್ಲಿ ಮಲಗಿಸಿ, ಹಾಲಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದ. ಮಾರ್ಗರಿ ಪಕ್ಕದಲ್ಲೇ ಅವನ ಮಸಿ ಹಿಡಿದ ಅಂಗಿಗಳನ್ನು ಬೆರಳು ಬಿರಿಯುವಷ್ಟು ತಿಕ್ಕುತ್ತಿದ್ದಳು.

ಆ ವರ್ಷ ಕ್ಲಬ್ಬಿನ ಮೊದಲ ಬಹುಮಾನ ಬಟ್ಟೆ ಒಗೆಯುವ ಯಂತ್ರ. ಕ್ಲಬ್ಬಿನ ಕಿಟಕಿಯಲ್ಲಿಟ್ಟಿದ್ದ ಅದನ್ನು ಮಾರ್ಗರಿ ಅಂಗಡಿಗೆ ಹೋಗುವಾಗಲೂ ಬರುವಾಗಲೂ ನಿಂತು ನೋಡುತ್ತಿದ್ದಳು. ಆಸೆ ಇತ್ತು, ಮುಚ್ಚಿಡುವುದೇನು ಬಂತು!

ಪ್ರದರ್ಶನದ ದಿನ ಪರವೂರಿನ ತೀರ್ಪುಗಾರನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಿಯಮದಂತೆ ತೀರ್ಪುಗಾರ ‘ಡಿಸ್‌ಇಂಟರೆಸ್ಟೆಡ್’ ಆಗಿರಬೇಕು. ವಿಲ್ಫ್‌ನನ್ನು ವರ್ಷವರ್ಷವೂ ಸೋಲಿಸುತ್ತಿದ್ದ ಕಾರ್ಯದರ್ಶಿ ಕತ್ಬರ್ಟ್ ರಾಬ್ಸನ್ ಆ ಪದದ ಅರ್ಥ ಲೀಕ್ ಎಂದರೆ ಆಸಕ್ತಿಯಿಲ್ಲದವರು ಎಂದುಕೊಂಡ. ಅಂಥವಳು ಊರಿಗೊಬ್ಬಳೇ. ಟೀ ಕೊಡುತ್ತಿದ್ದ ಮಾರ್ಗರಿಯನ್ನೇ ತೀರ್ಪು ಕೊಡೆಂದು ಹಿಡಿದ. ಗಂಡನ ಲೀಕ್ ಕಂಡರೂ ಮೂಗು ಮುರಿಯುವವಳು, ತಟ್ಟೆಗಳ ಮೇಲಿರುವುದೂ ಬರೀ ಸಂಖ್ಯೆ, ಹೆಸರಿಲ್ಲ, ಯಾವುದು ಯಾರದೆಂದು ಇವಳಿಗೇನು ತಿಳಿದೀತು ಎಂದು ಗಂಡಸರೆಲ್ಲ ನಕ್ಕರು.

ಅವಳಿಗೆ ತಿಳಿದಿತ್ತು. ತನ್ನದೇ ತೊಟ್ಟಿಯಲ್ಲಿ ಮಲಗಿದ್ದವುಗಳ ಗುರುತು ಸಿಗದೇನು? ಬೆರಳು ತೋರಿಸಿದರೆ ಸಾಕು, ಯಂತ್ರ ಮನೆಗೆ. ಟೀ ಪಾತ್ರೆ ಕೆಳಗಿಟ್ಟಳು.

“ಲೀಕ್ ನಂಗೆ ಬೇಡ, ಆಸಕ್ತಿ ಇಲ್ಲ. ಅದಕ್ಕನ್ನೋದು ಅನ್‌ಇಂಟರೆಸ್ಟೆಡ್. ಆದ್ರೆ ಆ ಮಿಷಿನ್ ಮೇಲೆ ನಂಗೆ ಕಣ್ಣಿದೆ ಕಣಪ್ಪ ಕತ್ಬರ್ಟ್. ನಿಮ್ಮ ನಿಯಮದ ಡಿಸ್‌ಇಂಟರೆಸ್ಟೆಡ್ ಅಂದ್ರೆ, ಯಾರು ಗೆದ್ರೂ ತನಗೇನೂ ದಕ್ಕದೋರು. ನಾನು ಅಂಥೋಳಲ್ಲ. ಆ ತೀರ್ಪುಗಾರ ಬರೋವರ್ಗೂ ಕಾಯಿರಿ.”

ವಿಲ್ಫ್ ತಲೆ ಮೇಲೆ ಕೈಹೊತ್ತು ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಪಾಪ.

ಮಧ್ಯಾಹ್ನ ತೀರ್ಪುಗಾರ ಕಲ್ಲಿದ್ದಲ ಲಾರಿ ಹತ್ತಿ ಬಂದ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ತೆರೆದಾಗ ಮೊದಲ ಬಹುಮಾನದ ಕೆಂಪು ಪಟ್ಟಿ ವಿಲ್ಫ್‌ನ ತಟ್ಟೆಯ ಮೇಲಿತ್ತು! ವಿಲ್ಫ್ ಎಲ್ಲರ ಮುಂದೆ ಹೆಂಡತಿಯನ್ನು ತಬ್ಬಿಕೊಂಡು ಅತ್ತುಬಿಟ್ಟ. ಊರಲ್ಲಿ ಒಬ್ಬನೂ ಗೊಣಗಲಿಲ್ಲ, ಗೊಣಗುವುದಕ್ಕೆ ಏನಿತ್ತು?

ಯಂತ್ರದ ಒಂದು ತುದಿಯನ್ನು ವಿಲ್ಫ್, ಇನ್ನೊಂದನ್ನು ಕತ್ಬರ್ಟ್ ಹಿಡಿದು ಏರುಬೀದಿ ಹತ್ತಿದರು. ಹೆಂಗಸರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಮುಂದೆ ಮಾರ್ಗರಿ, ರಾಣಿಯೇ ಸರಿ.

ಮನೆಯ ಮುಂದೆ ಕತ್ಬರ್ಟ್ ಏದುಸಿರು ಬಿಡುತ್ತ ಹೇಳಿದ: “ನೀನೇ ತೀರ್ಪು ಕೊಟ್ಟಿದ್ರೆ, ಮಾರ್ಗರಿ, ಇದನ್ನ ಕ್ಲಬ್ ಬಾಗಿಲು ದಾಟೋಕೆ ಬಿಡ್ತಿರ್ಲಿಲ್ಲ ನಾನು.”

“ಗೊತ್ತು. ಈಗ ನೋಡು, ನಿನ್ ಕೈಲೇ ಹೊರಿಸ್ಕೊಂಡು ಬಂದೆ. ಮೆಟ್ಟಿಲು ಜೋಪಾನ.”