ನಾಲ್ಕನೆಯ ಗಾಲಿಯ ಕಲ್ಲು

ಮುಂದೆ ಒಂದು, ಹಿಂದೆ ಎರಡು ಗಾಲಿ. ಚೂಪು ಮೂತಿಯೊಳಗೆ ಎಂಜಿನ್. ಕೊಟ್ಟೂರಿನಿಂದ ಉಜ್ಜಿನಿಗೆ ಜನರನ್ನೂ ಶೇಂಗಾ ಚೀಲಗಳನ್ನೂ ಒಟ್ಟಿಗೆ ಹೊತ್ತೊಯ್ಯುತ್ತಿದ್ದ ಆ ಮೋಟಾರು ಗಾಡಿಯ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ನಿವೃತ್ತಿಯ ನಂತರ ಅದರ ಚರಿತ್ರೆ ಬರೆಯಲು ಕುಳಿತು, ಕಂಪನಿಯ ಹಳೆಯ ಕೈಪಿಡಿಗಳನ್ನು ಒಂದಕ್ಕೊಂದು ತಾಳೆ ನೋಡಿದೆ. ಯಾವ ಮಾದರಿ ಯಾವಾಗ ಬಂದಿತೆಂಬುದರಲ್ಲಿ ಅವು ಪರಸ್ಪರ ಒಪ್ಪುತ್ತಿರಲಿಲ್ಲ. ಅದಕ್ಕೆ ನಾನು ಎದೆಗುಂದಲಿಲ್ಲ. ಎದೆಗುಂದಿದ್ದು ನಮ್ಮ ಮನೆಯ ಗಾಡಿಯ ನೋಂದಣಿ ಪುಸ್ತಕ ಸಿಕ್ಕಾಗ.

ಅಪ್ಪ ಆ ಗಾಡಿಯನ್ನು ಅಂಗಳಕ್ಕೆ ತಂದ ದಿನ ಕಣ್ಣಿಗೆ ಕಟ್ಟಿದಂತಿದೆ. ಮೂವರೇ ಕೂಡಿ ಹೊರಟರೆ ಕೆಲಸ ಕೆಡುತ್ತದೆಂದು ಒಂದು ಕಲ್ಲನ್ನು ನಾಲ್ಕನೆಯವನನ್ನಾಗಿ ಜೊತೆಗೆ ಒಯ್ಯುವುದು ನಮ್ಮಲ್ಲಿ ರೂಢಿ. ಅಜ್ಜಿ ಗಾಡಿಯನ್ನು ಸುತ್ತುಹಾಕಿ ಗಾಲಿ ಎಣಿಸಿದಳು.

"ಮೂರ ಅದಾವಲ್ಲೋ! ಇನ್ನೊಂದು ದಾರ್ಯಾಗ ಬೀಳಿಸಿ ಬಂದ್ಯೇನು?"

"ಅದು ಇರೋದ ಹಂಗ ಬೇ," ಎಂದ ಅಪ್ಪ.

"ಹಂಗಿದ್ರ ನಾ ಹತ್ತಂಗಿಲ್ಲ."

ತನ್ನ ತವರಾದ ಹಲವಾಗಲಿನ ಹೊಳೆಯಿಂದ ಎಂದೋ ತಂದಿದ್ದ ನುಣ್ಣನೆಯ ಕಲ್ಲಿಗೆ ವಿಭೂತಿ ಬಳಿದು, ಚಾಲಕನ ಸೀಟಿನಡಿ ಇಟ್ಟ ಮೇಲೆಯೇ ಹತ್ತಿದಳು. ಉಜ್ಜಿನಿಯವರೆಗೂ ನಾನು ಅವಳ ತೊಡೆಯ ಮೇಲಿದ್ದೆ. ನನ್ನಲ್ಲಿ ಉಳಿದಿರುವ ಅಜ್ಜಿ ಅಷ್ಟೇ.

ಪುಸ್ತಕದ ಪ್ರಕಾರ ಗಾಡಿ ಅಪ್ಪನ ಹೆಸರಿಗೆ ಬಂದದ್ದು ಅವಳು ತೀರಿಕೊಂಡ ಮರುವರ್ಷ. ಪಂಚಾಂಗದ ಅಂಚಿನಲ್ಲಿ ಅಪ್ಪ ಬರೆದಿಟ್ಟ ತಿಥಿಯನ್ನು ಸಮಾಧಿಯ ಮೇಲಿನ ಅಕ್ಷರಗಳೊಡನೆ ಹೋಲಿಸಿದೆ, ಎರಡೂ ಒಂದೇ. ಯಾರೋ ಹೇಳಿದ ಕಥೆಯನ್ನು ನನ್ನ ನೆನಪೆಂದು ತಿಳಿದಿರಬೇಕೆಂದುಕೊಂಡು ಕರಡಿನಿಂದ ಅಜ್ಜಿಯ ಪ್ಯಾರಾವನ್ನು ಹೊಡೆದುಹಾಕಿದೆ.

ಮನಸ್ಸು ಒಪ್ಪಲಿಲ್ಲ. ನಮ್ಮ ಗಾಡಿ ಓಡಿಸುತ್ತಿದ್ದ ಹಿರಿಯರನ್ನು ಹುಡುಕಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಸಾಕ್ಷಿಯ ಬಾಯಿಗೆ ಮಾತು ತುರುಕಬಾರದಷ್ಟೆ. ಅಜ್ಜಿಯ ವಿಷಯ ಎತ್ತದೆ ಪುಸ್ತಕವನ್ನು ಮಾತ್ರ ಮುಂದಿಟ್ಟೆ.

"ಇದು ಹೆಸರು ಬದ್ಲಾದ ತಾರೀಖು ರೀ ಸರ. ಅದಕ್ಕಿಂತ ಮೊದ್ಲ ಹರಪನಹಳ್ಳಿ ಸಾವ್ಕಾರ್ರ ಹೆಸರ್ನಾಗ ನಿಮ್ಮ ಮನ್ಯಾಗ ಎರಡು ವರ್ಷ ಓಡೇತಿ. ಗಾಡಿ ಕೈಗೆ ಬಂದ್ರ ಸಾಕಿತ್ತು, ಆಗ ಯಾರ್ ಹೆಸರು ಬದ್ಲಿ ಮಾಡಸ್ತಿದ್ರು?" ಎಂದು ನಕ್ಕರು. "ಓದಿದೋರು ನೀವು, ಹಿಂದಿನ ಹಾಳಿ ನೋಡಬಾರ್ದೇನ್ರಿ?"

ಹಿಂದಿನ ಹಾಳೆ ಎಣ್ಣೆ ಹಿಡಿದು ರಟ್ಟಿಗೆ ಅಂಟಿತ್ತು. ಮೆಲ್ಲನೆ ಬಿಡಿಸಿದರೆ, ನಡುವೆ ಪರವಾನಗಿ ಅರ್ಜಿಯ ಒಂದು ಪ್ರತಿ. ಸಾಹುಕಾರರ ಪರವಾಗಿ ಅಪ್ಪನ ಸಹಿ. ವರ್ಷ, ಅಜ್ಜಿ ತೀರಿಕೊಂಡದ್ದರ ಹಿಂದಿನದು.

ಅವರು ಇನ್ನೂ ಹೇಳುತ್ತಿದ್ದರು: "ದಿನಾ ಕುಂದ್ರೋ ಮುಂದ ಸೀಟಿನ ಬುಡಕ ಕೈ ಹಾಕಿ ಕಲ್ಲು ಐತೋ ಇಲ್ಲೋ ನೋಡ್ತಿದ್ದೆ. 'ಅದನ್ನ ಕಳದಿ ಅಂದ್ರ ನಾಲ್ಕನೇ ಗಾಲಿ ನೀನ ಆಗ್ತಿ ಲೇ' ಅಂತಿದ್ರು ನಿಮ್ಮಜ್ಜಿ."

ಮನೆಗೆ ಬಂದು ಆ ಪ್ಯಾರಾವನ್ನು ಮೊದಲಿನ ಜಾಗದಲ್ಲೇ ಬರೆದೆ. ಗಾಡಿ ಅಂಗಳಕ್ಕೆ ಬಂದದ್ದು ಯಾವ ತಿಂಗಳೆಂಬುದು ಇನ್ನೂ ಸಿಕ್ಕಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.