ಸೂಚಿಯಕ್ಕನ ಮೂರು ಸೆಕೆಂಡು

ಪ್ರಕಾಶನದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಸೂಚಿಯಕ್ಕ ಎಂದೇ ಕರೆಯುತ್ತಿದ್ದರು. ಯಾವ ವಿಷಯ ಎಷ್ಟನೇ ಪುಟದಲ್ಲಿದೆ ಎಂದು ಪುಸ್ತಕದ ಕೊನೆಗೆ ಹಾಕುವ ಪದಸೂಚಿ ಅವಳ ಕೆಲಸ. ಮಾತು ತೊದಲು. ಅರ್ಧಕ್ಕೆ ನಿಂತ ಅವಳ ವಾಕ್ಯವನ್ನು ಮುಗಿಸಿಕೊಡಲು ಕಂಡಕಂಡವರಿಗೆಲ್ಲ ಎಲ್ಲಿಲ್ಲದ ಉತ್ಸಾಹ. ಮುಗಿಸುತ್ತಿದ್ದದ್ದು ಮಾತ್ರ ತಪ್ಪಾಗಿ.

ಹಾಗೆ ಮಾಡದವರು ಒಬ್ಬರೇ, ಕರಡು ತಿದ್ದುವ ಅಜ್ಜ. ಹನ್ನೆರಡು ವರ್ಷದ ಹಿಂದೆ ಅವಳು ಕೆಲಸ ಕೇಳಿಕೊಂಡು ಬಂದಾಗ ಪೆನ್ಸಿಲ್ ಕೆಳಗಿಟ್ಟು, "ಮುಗೀತು ಅಂದ್ರೆ 'ಅಷ್ಟೇ' ಅನ್ನಮ್ಮ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ" ಅಂದಿದ್ದರು. ಅಂದಿನಿಂದ ಅವಳ ಪ್ರತಿ ಮಾತಿನ ಬಾಲಕ್ಕೂ ಒಂದು "ಅಷ್ಟೇ".

ಅವಳು ಕಂಪ್ಯೂಟರಿನಲ್ಲಿ ಬರೆಯಲು ಬಳಸುತ್ತಿದ್ದ ಎಡಿಟರ್ ಎಂಬ ತಂತ್ರಾಂಶ ನಾವು ಹೇಳಿಕೊಟ್ಟಂತೆ ಕೇಳುವಂಥದ್ದು. ತಾನೇ ಅದಕ್ಕೆ ನಾಲ್ಕು ಸಾಲು ಬರೆದುಕೊಟ್ಟಿದ್ದಳು: ಪದಗಳನ್ನು ಇನ್ನೊಂದು ಪ್ರೋಗ್ರಾಮಿಗೆ ಕಳಿಸು, ಅದು ಪುಟ ಹುಡುಕಿ ಅಕ್ಷರಕ್ರಮದಲ್ಲಿ ಕೊಡುವಾಗ ಮೂರು ಸೆಕೆಂಡು ಕಾಯಿ, ಬಂದಷ್ಟನ್ನು ಹಾಳೆಗೆ ಇಳಿಸು. ಸಣ್ಣ ಪುಸ್ತಕಗಳಿಗೆ ಮೂರು ಸೆಕೆಂಡು ಧಾರಾಳವಾಯಿತು.

ಈ ಸಲದ್ದು ದಿಂಬಿನಷ್ಟು ದಪ್ಪದ ಪ್ರಥಮ ಚಿಕಿತ್ಸೆಯ ಪುಸ್ತಕ. ನಾಲ್ಕು ಗಂಟೆಗೆ ಅಚ್ಚಿಗೆ ಹೋಗಬೇಕು. ಅಜ್ಜ ಕರಡನ್ನು ಯಾವಾಗಲೂ ಕೊನೆಯ ಸಾಲಿನಿಂದ ಹಿಂದಕ್ಕೆ ಓದುವವರು. ಮುಂದಿನಿಂದ ಓದಿದರೆ ಕಣ್ಣು ಅರ್ಥದ ಬೆನ್ನು ಹತ್ತಿ ತಪ್ಪು ಬಿಡುತ್ತದಂತೆ. ಮೂರು ಗಂಟೆಗೆ ಕೊನೆಯ ಹಾಳೆ ಎತ್ತಿಕೊಂಡವರು ಕೇಳಿದರು:

"ಹಾವು ಎಲ್ಲಮ್ಮ?"

ಸೂಚಿಯಕ್ಕ ಬಗ್ಗಿ ಹಾಳೆ ನೋಡಿದಳು. ಪಟ್ಟಿ "ಮೂಗಿನ ರಕ್ತಸ್ರಾವ"ಕ್ಕೇ ನಿಂತಿತ್ತು. ವಿಷ ಇಲ್ಲ, ಸುಟ್ಟಗಾಯ ಇಲ್ಲ, ಹಾವು ಕಡಿತ ಇಲ್ಲ. ಸೀಮೆಎಣ್ಣೆ ಕುಡಿದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಯಾವಳೋ ತಾಯಿ ಹುಡುಕುವುದು ಇದೇ ಹಾಳೆಯನ್ನು.

ಆ ಪ್ರೋಗ್ರಾಮಿನದೇನೂ ತಪ್ಪಿರಲಿಲ್ಲ. ಪುಟ ಹುಡುಕುತ್ತಾ ಒಂದು ಗಳಿಗೆ ತಡೆದಿತ್ತು, ಅಷ್ಟರಲ್ಲಿ ಇವಳ ಮೂರು ಸೆಕೆಂಡು ಮುಗಿದು, ಎಡಿಟರ್ ಎದ್ದು ಹೋಗಿತ್ತು. ತನ್ನ ಮಾತನ್ನು ಜನ ಕತ್ತರಿಸಿದ ಹಾಗೇ ತಾನೂ ಕತ್ತರಿಸಿದ್ದಳು. ಅವಳಿಗೆ ತುಂಬಾ ನಾಚಿಕೆಯಾಯಿತು.

ಮೂರು ಸೆಕೆಂಡನ್ನು ತೆಗೆದುಹಾಕಲಿಲ್ಲ. ಗಡುವೇ ಇಲ್ಲದಿದ್ದರೆ, ಅತ್ತ ಪ್ರೋಗ್ರಾಮು ಕೆಟ್ಟು ನಿಂತರೂ ಎಡಿಟರ್ ಕೈಕಟ್ಟಿ ಕೂತುಬಿಡುತ್ತದೆ. ಗಡುವು ಮುಗಿದಾಗ ಅತ್ತ ಕಡೆಯದು ಇನ್ನೂ ಕೆಲಸದಲ್ಲಿದೆಯೇ ನೋಡು, ಇದ್ದರೆ ಮತ್ತೆ ಕಾಯಿ ಎಂದು ಬರೆದಳು. ಆ ಪ್ರೋಗ್ರಾಮಿಗೂ ಒಂದು ಸಾಲು ಸೇರಿಸಿದಳು: ಎಲ್ಲ ಮುಗಿದ ಮೇಲೆ "ಅಷ್ಟೇ" ಅನ್ನು.

ಮತ್ತೆ ಓಡಿಸಿದಳು. "ರ" ಬಂದು ನಿಂತಿತು. ಮೂರು ಸೆಕೆಂಡು, ಇನ್ನೂ ಮೂರು, ಮತ್ತೂ ಮೂರು. ನಿಲ್ಲಿಸಲು ಕೈ ತುರಿಸುತ್ತಿತ್ತು, ಮಡಿಲಲ್ಲಿಟ್ಟುಕೊಂಡಳು. ವಿಷ ಬಂತು. ಸುಟ್ಟಗಾಯ ಬಂತು. ಹಾವು ಕಡಿತ, ಹೊಟ್ಟೆನೋವು, ಅದರ ಕೆಳಗೆ "ಅಷ್ಟೇ".

ನಾಲ್ಕಕ್ಕೆ ಐದು ನಿಮಿಷವಿರುವಾಗ ಪುಸ್ತಕ ಹೊರಟಿತು. ಅವಳು ಅಜ್ಜನ ಮೇಜಿನ ಮುಂದೆ ಹೋಗಿ ನಿಂತಳು.

"ನೀ... ನೀವು ಅವತ್ತು..."

ಅಜ್ಜ ಪೆನ್ಸಿಲ್ ಕೆಳಗಿಟ್ಟರು. ಫೋನ್ ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ.

"ಕಾ... ಕಾದ್ರಿ. ಅದಕ್ಕೇ ನಾನು ಇಲ್ಲಿದ್ದೀನಿ."

ಮಾತು ಮುಗಿದಿತ್ತು. ಅಜ್ಜ ಇನ್ನೂ ಕಾಯುತ್ತಿದ್ದರು. "ಅಷ್ಟೇ" ಅನ್ನಲು ಅವಳಿಗೆ ಮನಸ್ಸೇ ಬರಲಿಲ್ಲ.