ಇನ್ನೂರು ಜನರ ಮದುವೆಗೆ ಹತ್ತು ತೆಂಗಿನಕಾಯಿ

ಎರಡು ವರ್ಷದ ಹಿಂದಿನ ಬೇಸಿಗೆ. ಬಂಗಾಳಿ ಹೊಸ ವರ್ಷ ಕಳೆದು ಒಂದು ವಾರವೋ ಹತ್ತು ದಿನವೋ ಆಗಿತ್ತು. ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಾ ಡೈರಿ ಬರೆಯುವವಳು. ಆದರೆ ಅಂದಿನ ಪುಟವನ್ನು ಬರೆದದ್ದು ಮೂರು ದಿನ ಬಿಟ್ಟು. ಅಷ್ಟರಲ್ಲಿ ನಡೆದದ್ದನ್ನು ನಾಲ್ಕೈದು ಜನರಿಗೆ ಹೇಳಿಯಾಗಿತ್ತು, ಹೇಳಿದ ಹಾಗೆಲ್ಲ ಅದು ಸ್ವಲ್ಪ ಸ್ವಲ್ಪ ಚಂದವಾಗುತ್ತಾ ಹೋಗಿತ್ತು. ಮುಖ್ಯವಾದ ಒಂದು ಮಾತನ್ನು ಮೊದಲು ಆಡಿದವರು ಯಾರು ಎಂಬ ವಿಷಯದಲ್ಲಿ ನನ್ನ ಡೈರಿಗೂ ನಮ್ಮ ಗಾಡಿಯ ಡ್ರೈವರ್ ಬಾಪಿದಾ ಅವರಿಗೂ ಇವತ್ತಿಗೂ ಹೊಂದಾಣಿಕೆಯಿಲ್ಲ.

ನಾನು ಹುಟ್ಟಿ ಬೆಳೆದದ್ದು ಕೋಲ್ಕತ್ತದಲ್ಲಿ. ಅಜ್ಜ ಉಡುಪಿ ಕಡೆಯಿಂದ ಬಂದು ಲೇಕ್ ಮಾರ್ಕೆಟ್ ಹತ್ತಿರ ಸಣ್ಣ ಹೋಟೆಲ್ ಇಟ್ಟರು. ಈಗ ಅದನ್ನು ನನ್ನ ಸೋದರಮಾವ ನಡೆಸುತ್ತಾರೆ, ಜೊತೆಗೆ ಮದುವೆ ಮುಂಜಿಗಳ ಅಡುಗೆಯನ್ನೂ ವಹಿಸಿಕೊಳ್ಳುತ್ತಾರೆ. ನನಗೆ ದೋಸೆ ತಿನ್ನಲು ಬರುತ್ತದೆ, ಹೊಯ್ಯಲು ಬರುವುದಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಬೀದಿಯಲ್ಲಿ ಬದುಕುವವರಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದನ್ನು ಸೇರಿದೆ. ಫುಟ್‌ಪಾತಿನಲ್ಲಿ ಯಾರಿಗಾದರೂ ಜೀವಕ್ಕೆ ಅಪಾಯವಿದೆ, ಅಥವಾ ಯಾರೋ ಮನಸ್ಸು ಕೆಟ್ಟು ಕಂಗಾಲಾಗಿದ್ದಾರೆ ಎಂದು ಫೋನ್ ಬಂದರೆ ನಾವು ಮೂವರು ಗಾಡಿಯಲ್ಲಿ ಹೋಗುತ್ತೇವೆ. ಬಾಪಿದಾ, ನರ್ಸ್ ಸುಮಿತ್ರಾದಿ, ಮತ್ತು ನಾನು. ಇಲ್ಲಿ ಅಣ್ಣನಿಗೆ ದಾ, ಅಕ್ಕನಿಗೆ ದಿ. ನಮ್ಮಲ್ಲಿ ಎರಡು ನಿಯಮ. ಒಪ್ಪದೆ ಯಾರನ್ನೂ ಎತ್ತಿಕೊಂಡು ಹೋಗಬಾರದು. ಸುಳ್ಳು ಹೇಳಿ ಯಾರನ್ನೂ ಗಾಡಿ ಹತ್ತಿಸಬಾರದು. ಒಮ್ಮೆ ಮೋಸ ಹೋದವರು ಆಮೇಲೆ ಯಾವ ಗಾಡಿಯನ್ನೂ ನಂಬುವುದಿಲ್ಲ.

ಆ ಸಲ ಫೋನ್ ಮಾಡಿದ್ದು ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹೂ ಮಾರುವ ಹೆಂಗಸು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಒಬ್ಬ ಮುದುಕ ಮಲಗಿದ್ದಾನೆ, ಕಾಲು ಕೊಳೆಯುತ್ತಿದೆ ಎಂದಳು. ಹೋಗಿ ನೋಡಿದೆವು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ತಲೆಯ ಕೆಳಗೆ ಒಂದು ಗೋಣಿಚೀಲ. ಎಡಗಾಲಿನ ಪಾದ ಊದಿ ಕಪ್ಪಾಗಿತ್ತು, ಹತ್ತಿರ ಹೋದರೆ ವಾಸನೆ. ಗಾಯ ತೊಳೆಯಲು ಆ ಹಿರಿಯರು ಸುಮಿತ್ರಾದಿಗೆ ಬಿಟ್ಟರು, ಕೊಟ್ಟ ಮಾತ್ರೆಯನ್ನೂ ನುಂಗಿದರು. ಆದರೆ ಗಾಡಿಯ ಬಾಗಿಲು ತೆರೆದ ಕೂಡಲೇ ಗೋಡೆಗೆ ಹೊಂದಿಕೊಂಡಿದ್ದ ನೀರಿನ ಪೈಪನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಹಿಂದೊಮ್ಮೆ ಯಾವುದೋ ಗಾಡಿಯವರು ಇವರನ್ನು ಎಬ್ಬಿಸಿ ಸಾಮಾನೆಲ್ಲ ಎಸೆದಿದ್ದರು ಎಂದು ಹೂವಿನವಳು ಹೇಳಿದಳು. ಬಂಗಾಳಿಯಲ್ಲಿ ಕೇಳಿದೆವು, ಹಿಂದಿಯಲ್ಲಿ ಕೇಳಿದೆವು. ಒಂದು ಮಾತಿಲ್ಲ. ನಾಲ್ಕು ದಿನ ಹೋದೆವು, ನಾಲ್ಕು ದಿನವೂ ಇದೇ ಆಯಿತು. ಮಾತೇ ಬಾರದವರು ಎಂದು ಫೈಲಿನಲ್ಲಿ ನಾನೇ ಬರೆದೆ.

ಐದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ನೆಲ ಕಾದಿತ್ತು. ಸುಮಿತ್ರಾದಿ ಆ ಹಿರಿಯರ ಹಣೆ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. “ಜ್ವರ ಸುಡ್ತಾ ಇದೆ. ನಂಜು ಮೇಲಕ್ಕೆ ಹತ್ತಿದೆ. ಇವತ್ತು ಹೋಗದಿದ್ರೆ ಕಾಲಲ್ಲ, ಮನುಷ್ಯನೇ ಉಳಿಯೋದಿಲ್ಲ. ನಿನಗೆ ಏನು ತೋಚುತ್ತೋ ಅದನ್ನ ಮಾಡು.”

ನನಗೆ ಏನೂ ತೋಚಲಿಲ್ಲ. ತಲೆ ತಗ್ಗಿಸಿ ಕೂತಾಗ ಅವರ ಪಕ್ಕದಲ್ಲಿದ್ದ ಬಾಳೆಲೆಯ ತುಂಡು ಕಣ್ಣಿಗೆ ಬಿತ್ತು. ಹಿಂದಿನ ದಿನಗಳಲ್ಲೂ ಅಂಥದ್ದು ಅಲ್ಲಿತ್ತು. ಎಲೆ ಮಾರುವ ಮಾರ್ಕೆಟ್ಟು, ಎಲೆಯ ಚೂರು ಎಲ್ಲಿ ಇರುವುದಿಲ್ಲ ಎಂದು ನಾನು ಗಮನಿಸಿರಲಿಲ್ಲ. ಈ ಎಲೆ ಮಡಚಿಟ್ಟದ್ದಾಗಿತ್ತು. ಆಚೆಯ ಅರ್ಧವನ್ನು ತನ್ನ ಕಡೆಗೆ ಎಳೆದು, ಅಂಚಿಗೆ ಅಂಚು ಕೂಡಿಸಿ, ನೀಟಾಗಿ. ಉಂಡೆದ್ದ ಮೇಲೆ ಹಾಗೆ ಮಡಚದಿದ್ದರೆ ನಮ್ಮ ಮನೆಯಲ್ಲಿ ಅತ್ತೆ, ಎಂದರೆ ಮಾವನ ಹೆಂಡತಿ, ಬೈಯುತ್ತಿದ್ದರು. ನಾನು ಹೋದ ಬಂಗಾಳಿ ಊಟಗಳಲ್ಲಿ ಯಾರೂ ಹಾಗೆ ಮಾಡಿದ್ದು ನೋಡಿಲ್ಲ. ಮಡಿಕೆ ಬಿಡಿಸಿದೆ. ಒಳಗೆ ಇಡ್ಲಿಯ ಚೂರು, ಸಾಸಿವೆ ಒಗ್ಗರಣೆಯ ಚಟ್ನಿಯ ಗುರುತು.

ಎಲೆ ಕೆಳಗಿಟ್ಟೆ. ಕನ್ನಡದಲ್ಲಿ ಕೇಳಿದೆ. “ಊಟ ಆಯ್ತಾ?”

ಅವರು ಕಣ್ಣು ತೆರೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಊಟ ಅಲ್ಲ, ತಿಂಡಿ. ಇಷ್ಟು ಹೊತ್ತಿಗೆ ಯಾರಾದ್ರೂ ಊಟ ಮಾಡ್ತಾರಾ?”

ನಾಲ್ಕು ದಿನದ ಮೌನದ ನಂತರ ಬಂದ ಮೊದಲ ಮಾತು, ಅದೂ ಬೈಗುಳ. ನನಗಾದ ಸಂತೋಷ ಹೇಳತೀರದು. ಸುಮಿತ್ರಾದಿ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

ಇನ್ನು ಮುಂದಿನದೇ ನನಗೆ ಅನುಮಾನದ ಜಾಗ. ಬಾಪಿದಾ ಗಾಡಿಯ ಹಿಂಬಾಗಿಲು ತೆರೆದಿಟ್ಟಿದ್ದರು. ಒಳಗೆ ಕುಡಿಯುವ ನೀರಿನ ಸ್ಟೀಲ್ ಡ್ರಮ್ಮು, ದೊಡ್ಡ ಚಹಾ ಕೆಟಲ್ಲು, ಮಡಚಿದ ಚಾಪೆಗಳು. ಅಡುಗೆಯವರನ್ನು ಕರೆದೊಯ್ಯುವ ಗಾಡಿಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಆ ಹಿರಿಯರು ಅತ್ತ ನೋಡಿ, “ಮದುವೆ ಗಾಡಿಯಾ?” ಎಂದು ಕೇಳಿದರು, ನಾನು ಸುಮ್ಮನಿದ್ದೆ ಎಂದು ಡೈರಿಯಲ್ಲಿದೆ. ಬಾಪಿದಾ ಒಪ್ಪುವುದಿಲ್ಲ. “ದೀದಿ, ನಿಮ್ಮ ಭಾಷೆ ನನಗೆ ಬರೋದಿಲ್ಲ. ಆದ್ರೆ ಕಣ್ಣು ಕಾಣುತ್ತೆ. ನೀವೇ ಮೊದಲು ಗಾಡಿ ಕಡೆ ಕೈ ತೋರಿಸಿ ಏನೋ ಹೇಳಿದ್ರಿ. ಆಮೇಲೆ ಅವರು ಮಾತಾಡಿದ್ದು,” ಎನ್ನುತ್ತಾರೆ. ಬಾಪಿದಾ ಹೇಳುವುದು ನಿಜವಾದರೆ, ಮದುವೆಯೆಂಬ ಸುಳ್ಳು ನನ್ನದು. ಮುಂದಿನದರ ಬಗ್ಗೆ ಮಾತ್ರ ಜಗಳವಿಲ್ಲ. ನಾನು ಇಲ್ಲ ಎನ್ನಲಿಲ್ಲ.

“ಎಷ್ಟು ಜನ?” ಎಂದು ಆ ಹಿರಿಯರು ಕೇಳಿದರು.

“ಇನ್ನೂರು,” ಎಂದೆ.

“ಸಣ್ಣ ಮದುವೆ,” ಎಂದು ಗೋಣಿಚೀಲ ಎತ್ತಿಕೊಂಡು ನನ್ನ ಭುಜ ಹಿಡಿದು ಎದ್ದು ನಿಂತರು. ನಾಲ್ಕು ದಿನ ಪೈಪು ಬಿಡದ ಕೈ ಅದು. ಒಂದು ಕಾಲಿನಲ್ಲಿ ಕುಂಟುತ್ತಾ ಗಾಡಿ ಹತ್ತಿದರು. ಹೂ ಮಾರುವ ಹೆಂಗಸು ಬುಟ್ಟಿ ಬಿಟ್ಟು ಎದ್ದು ನೋಡುತ್ತಿದ್ದಳು. ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ನಾನು ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದೆ.

ನಾಲ್ಕು ರಸ್ತೆ ಕೂಡುವ ಹಾಜ್ರಾದಲ್ಲಿ ಬಸ್ಸು, ಆಟೊ, ಟ್ಯಾಕ್ಸಿ ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತುಬಿಟ್ಟಿದ್ದವು. ಅವರ ಕಣ್ಣು ಮುಚ್ಚುತ್ತಿತ್ತು. ಸುಮಿತ್ರಾದಿ ನಾಡಿ ಹಿಡಿದು, “ಮಲಗೋಕೆ ಬಿಡಬೇಡ. ಮಾತಾಡಿಸ್ತಾನೇ ಇರು, ಏನಾದ್ರೂ ಕೇಳು,” ಎಂದರು. ನನಗೆ ಕೇಳಲು ಇದ್ದದ್ದು ಒಂದೇ, ಇಲ್ಲದ ಮದುವೆಯ ಅಡುಗೆ.

“ಅಣ್ಣ, ಸಾರಿಗೆ ಎಷ್ಟು ಬೇಳೆ ಬೇಕು?”

“ಬೇಳೆ ಆಮೇಲೆ. ಒಲೆ ಎಷ್ಟು ಉಂಟು?”

“ಎರಡು.”

“ಎರಡು ಒಲೇಲಿ ಇನ್ನೂರು ಜನಕ್ಕಾ? ಯಾರು ವಹಿಸಿಕೊಂಡದ್ದು ಈ ಕೆಲಸ?”

“ನಾನೇ.”

“ಚಂದ ಆಯ್ತು. ತೆಂಗಿನಕಾಯಿ ಎಷ್ಟು ತಂದಿದ್ದೀರಿ?”

“ಹತ್ತು.”

ಅವರು ಕಣ್ಣು ಪೂರ್ತಿ ತೆರೆದರು. “ಹತ್ತು,” ಎಂದು ನಿಧಾನವಾಗಿ ಹೇಳಿದರು. “ಅಕ್ಕ, ನೀವು ಯಾವ ಊರಿನವರು ಮಾರಾಯ್ರೆ? ಹತ್ತು ಕಾಯಿ ಪಲ್ಯಕ್ಕೇ ಸಾಕಾಗುದಿಲ್ಲ. ಗಸಿಗೆ? ಕೋಸಂಬರಿಗೆ? ಪಾಯಸಕ್ಕೆ ಎಂತ ನೀರು ಹಾಕುದಾ?”

“ಪಾಯಸಕ್ಕೆ ಹಾಲು ಹಾಕಬಹುದಲ್ಲ?”

“ಕಡ್ಲೆಬೇಳೆ ಪಾಯಸಕ್ಕೆ ದನದ ಹಾಲು ಹಾಕಿದವರು ಯಾರಿದ್ದಾರೆ, ಹೇಳಿ.”

ಬೈಯುತ್ತಾ ಬೈಯುತ್ತಾ ಅವರ ಬೆನ್ನು ನೆಟ್ಟಗಾಯಿತು. ಎಲೆಯ ತುದಿ ಯಾವ ಕಡೆ ಇರಬೇಕು, ಉಪ್ಪು ಎಲ್ಲಿ ಬಡಿಸಬೇಕು, ಸಾರು ಬಂದಾಗ ಅನ್ನದಲ್ಲಿ ಹೇಗೆ ಗುಳಿ ಮಾಡಬೇಕು, ಎಲ್ಲ ಹೇಳಿದರು. ನಾನು ಬೇಕೆಂದೇ ತಪ್ಪು ತಪ್ಪು ಕೇಳಿದೆ. ಕೆಲವನ್ನು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದೆ. ಒಂದು ಮಾತೂ ಅರ್ಥವಾಗದ ಸುಮಿತ್ರಾದಿ ನಗುತ್ತಿದ್ದರು. ಬಾಪಿದಾ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಒಂದು ಬಸ್ಸಿನ ಕಂಡಕ್ಟರ್ ಕೆಳಗಿಳಿದು ಎರಡು ಆಟೊಗಳನ್ನು ಹಿಂದಕ್ಕೆ ತಳ್ಳಿಸಿ ನಮಗೆ ದಾರಿ ಮಾಡಿಕೊಟ್ಟ.

ಆಸ್ಪತ್ರೆಯ ಗೇಟಿನ ಒಳಗೆ ಗಾಡಿ ನಿಂತಿತು. ಇವರಿಗೆ ನಿಜ ಹೇಳದೆ ಸ್ಟ್ರೆಚರ್ ಮೇಲೆ ಮಲಗಿಸಬಾರದು. ಹೇಳಿದರೆ ಇಳಿದು ಹೊರಟುಬಿಡಬಹುದು, ಹೊರಟರೆ ಸಾಯುತ್ತಾರೆ. ಸುಮಿತ್ರಾದಿ ನನ್ನ ಮುಖ ನೋಡಿ, “ಹೇಳ್ಲೇಬೇಕಾ?” ಎಂದರು. ನಾನು ಆ ಹಿರಿಯರ ಮುಂದೆ ಮಂಡಿಯೂರಿ ಕೂತೆ.

“ಅಣ್ಣ, ಮದುವೆ ಇಲ್ಲ. ಇದು ಆಸ್ಪತ್ರೆ. ಕಾಲಿಗೆ ಆಪರೇಷನ್ ಆಗಬೇಕು. ನೀವು ಬೇಡ ಅಂದ್ರೆ ಯಾರೂ ಮುಟ್ಟೋದಿಲ್ಲ. ಸುಳ್ಳು ಹೇಳಿದ್ದು ನನ್ನ ತಪ್ಪು.”

ಅವರು ಹೊರಗೆ ನೋಡಿದರು.

“ಗೊತ್ತುಂಟು,” ಎಂದರು. “ಇನ್ನೂರು ಜನಕ್ಕೆ ಹತ್ತು ಕಾಯಿ ಅಂದಾಗ್ಲೇ ಗೊತ್ತಾಯ್ತು, ಮದುವೆ ಇಲ್ಲ ಅಂತ.”

“ಮತ್ತೆ ಯಾಕೆ ಇಳೀಲಿಲ್ಲ?”

“ನೀವು ಕೇಳ್ತಾ ಇದ್ರಲ್ಲ. ನನ್ನ ಹತ್ರ ಅಡುಗೆ ವಿಷಯ ಯಾರಾದ್ರೂ ಕೇಳಿ ಎಷ್ಟೋ ವರ್ಷ ಆಯ್ತು.” ಆಮೇಲೆ ಗೋಣಿಚೀಲ ತೋರಿಸಿದರು. “ಇದು ನನ್ನ ತಲೆ ಹತ್ರವೇ ಇರ್ಬೇಕು. ಹಾಗಾದ್ರೆ ಬರ್ತೇನೆ.”

ಆ ಚೀಲಕ್ಕಾಗಿ ಗಾರ್ಡಿನ ಜೊತೆ ಸುಮಿತ್ರಾದಿ ಆಡಿದ ಜಗಳವನ್ನೇ ಇನ್ನೊಂದು ಲೇಖನ ಮಾಡಬಹುದು. ಕೊನೆಗೆ ಚೀಲ ತೆರೆದು ತೋರಿಸಬೇಕಾಯಿತು. ಒಳಗೆ ಒಂದು ಲುಂಗಿ, ಒಂದು ಲೋಟ, ದೋಸೆ ಎಬ್ಬಿಸುವ ಕಬ್ಬಿಣದ ಸಟ್ಟುಗ. ತುದಿ ಸವೆದು ಚಂದ್ರನ ಹಾಗೆ ಬಾಗಿತ್ತು, ಎಲ್ಲೂ ತುಕ್ಕಿಲ್ಲ. ಬೀದಿಯಲ್ಲಿದ್ದುಕೊಂಡು ಅದಕ್ಕೆ ಎಣ್ಣೆ ಎಲ್ಲಿಂದ ಹಚ್ಚುತ್ತಿದ್ದರೋ.

ಎರಡು ಬೆರಳು ಹೋದವು, ಕಾಲು ಉಳಿಯಿತು. ಮೂರನೆಯ ದಿನ ವಾರ್ಡಿಗೆ ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಹೆಸರು ಶೀನ ಎಂದರು. ಹನ್ನೆರಡು ವರ್ಷ ಲೇಕ್ ಮಾರ್ಕೆಟ್ ಹತ್ತಿರದ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಂತವರಂತೆ. ಒಂದು ಮದುವೆಯಲ್ಲಿ ಕುದಿಯುವ ಸಾಂಬಾರು ಕಾಲ ಮೇಲೆ ಬಿತ್ತು. “ನಿಲ್ಲಲಿಕ್ಕೆ ಆಗದವ ಕಲ್ಲಿನ ಮುಂದೆ ಎಂತ ಮಾಡುದು? ಊರಿಗೆ ಹೋಗ್ತೇನೆ ಅಂತ ಧಣಿಗಳಿಗೆ ಹೇಳಿ ಹೊರಟೆ. ಹೌರಾದಲ್ಲಿ ರೈಲು ಬಂತು. ಊರಲ್ಲಿ ಯಾರಿದ್ದಾರೆ ಅಂತ ಆಗ ಯೋಚನೆ ಆಯ್ತು. ಹತ್ಲಿಲ್ಲ.”

ಹೋಟೆಲಿನ ಹೆಸರು ಕೇಳಿದೆ. ಮಾವನ ಹೋಟೆಲು.

ನಮ್ಮ ಮನೆಯಲ್ಲಿ ಶೀನಣ್ಣ ಒಂದು ಗಾದೆಯ ಹಾಗೆ. ದೋಸೆ ಕಲ್ಲಿಗೆ ಅಂಟಿಕೊಂಡರೆ ಅತ್ತೆ, “ಶೀನ ಊರಿಗೆ ಹೋದ, ನಮ್ಮ ದೋಸೆಯೂ ಹೋಯ್ತು,” ಎನ್ನುತ್ತಾರೆ. ಚಿಕ್ಕವಳಿದ್ದಾಗ ಇವರ ಕೈಯ ದೋಸೆಯನ್ನು ನಾನು ಎಷ್ಟು ತಿಂದಿರಬೇಕು. ಮುಖ ನೆನಪಿಸಿಕೊಳ್ಳಲು ನೋಡಿದೆ. ಹಬೆಯ ಹಿಂದೆ ಒಂದು ಕೈ ಮಾತ್ರ ಬಂತು. ಅದೂ ನಿಜವಾದ ನೆನಪೋ, ಅಂದು ಆಸ್ಪತ್ರೆಯಲ್ಲಿ ಕೂತು ನಾನೇ ಕಟ್ಟಿಕೊಂಡದ್ದೋ ಗೊತ್ತಿಲ್ಲ. ನಾನು ಯಾರ ಮಗಳು ಎಂದು ಹೇಳಿದಾಗ ಅವರು ಜೋರಾಗಿ ನಕ್ಕರು. “ಧಣಿಗಳ ಮನೆ ಹುಡುಗಿ, ಹತ್ತು ಕಾಯಿ ಅಂತೀಯಲ್ಲ ಮಗು. ಹೊರಗೆ ಯಾರಿಗೂ ಹೇಳ್ಬೇಡ.”

ಇಡ್ಲಿ ಯಾರು ಕೊಡುತ್ತಿದ್ದರು ಎಂದು ಕೇಳಿದೆ. “ಬೆಳಿಗ್ಗೆ ಎದ್ದಾಗ ಎಲೆಯಲ್ಲಿ ಇರ್ತಿತ್ತು. ಯಾರು ಇಟ್ಟದ್ದೋ, ನಾನು ನೋಡ್ಲಿಲ್ಲ,” ಎಂದು ಗೋಡೆಯ ಕಡೆ ತಿರುಗಿದರು.

ಅಂದು ಸಂಜೆಯೇ ಮಾವನಿಗೆ ಹೇಳಿದೆ. ಮಾವ ಮರುದಿನ ಬಂದರು. ಮಂಚದ ಪಕ್ಕ ಸ್ಟೂಲ್ ಎಳೆದು ಕೂತರು.

ಶೀನಣ್ಣನೇ ಶುರು ಮಾಡಿದರು. “ಕಲ್ಲು ಅದೇ ಉಂಟಾ ಧಣಿ?”

“ಅದೇ. ಈಗಿನವರು ಎಣ್ಣೆ ಹೊಯ್ದು ಹಾಳು ಮಾಡಿದ್ದಾರೆ.”

“ಎಣ್ಣೆ ಹೊಯ್ಯುದಲ್ಲ, ಈರುಳ್ಳಿಲಿ ಉಜ್ಜುದು.”

“ನೀನು ಬಂದು ಹೇಳು. ನನ್ನ ಮಾತು ಯಾರು ಕೇಳ್ತಾರೆ?”

ಅರ್ಧ ಗಂಟೆ ಕಲ್ಲಿನ ಮಾತೇ ಆಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಕುಣಿಯುವಷ್ಟು ಸಂತೋಷ. ಮನೆಗೆ ಬಂದ ಮೇಲೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಎಲ್ಲಿದ್ದೆ ಎಂದು ಮಾವ ಅವರನ್ನು ಕೇಳಲಿಲ್ಲ. ಎಲ್ಲಿ ಸಿಕ್ಕಿದ ಎಂದು ನನ್ನನ್ನೂ ಕೇಳಲಿಲ್ಲ. ಅಥವಾ ಕೇಳಿದ್ದರೋ, ನಾನು ಮರೆತೆನೋ. ಡೈರಿಯಲ್ಲಿ ಇಲ್ಲ.

ಶೀನಣ್ಣ ಈಗ ನಗರದ ಅಂಚಿನ ಒಂದು ಆಶ್ರಯಮನೆಯಲ್ಲಿದ್ದಾರೆ. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂಗಾಳಿ ಅಡುಗೆಯವರಿಗೆ ಕನ್ನಡದಲ್ಲಿ ಬೈಯುತ್ತಾರೆ, ಅವರು ಬಂಗಾಳಿಯಲ್ಲಿ ತಿರುಗಿ ಬೈಯುತ್ತಾರೆ. ಭಾನುವಾರ ಎಲ್ಲರಿಗೂ ದೋಸೆ. ಹೋಟೆಲಿನ ಹಳೆಯ ಕಲ್ಲನ್ನು ಮಾವ ಅಲ್ಲಿಗೆ ಕಳಿಸಿಕೊಟ್ಟಿದ್ದಾರೆ. ಆ ಗಾಡಿಯ ಅರ್ಧ ಗಂಟೆಯನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆ ಸುಳ್ಳು ಸರಿಯೋ ತಪ್ಪೋ ನಾನಿನ್ನೂ ತೀರ್ಮಾನಿಸಿಲ್ಲ.

ಮಾವ ದಿನಾ ಬೆಳಿಗ್ಗೆ ಐದೂವರೆಗೆ ಬಾಳೆಲೆ ತರಲು ಅದೇ ಗಲ್ಲಿಯಲ್ಲಿ ಹೋಗುತ್ತಾರೆ. ನಾನೂ ಆ ದಾರಿಯಲ್ಲಿ ಎಷ್ಟೋ ಸಲ ಮೆಟ್ರೊಗೆ ಓಡಿದ್ದೇನೆ, ಮೆಟ್ಟಿಲ ಕೆಳಗೆ ಬಗ್ಗಿ ನೋಡಿರಲಿಲ್ಲ. ಹಾಗಾಗಿ ನಾನು ಮಾವನ ಮೇಲೆ ದೂರು ಹೇಳುತ್ತಿಲ್ಲ. ಇಡ್ಲಿ ಇಡುತ್ತಿದ್ದವರು ಮಾವನೇ ಆಗಿದ್ದರೆ, ಶೀನಣ್ಣ ಅಷ್ಟು ದಿನ ಬದುಕಿದ್ದು ಅವರಿಂದ. ಆದರೆ ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಅಲ್ಲೇ ಬಿಟ್ಟಿದ್ದರು ಎಂದಾಗುತ್ತದೆ. ಯಾವ ಉತ್ತರ ಬಂದರೆ ನನಗೆ ಸಮಾಧಾನವೋ ತಿಳಿಯದು.

ಹೋದ ತಿಂಗಳು ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಾವ ಎಲೆ ಒರೆಸುತ್ತಿದ್ದರು. ನಾನೂ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. ಮಾವ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಲೆ ಒರೆಸಿ ಮುಗಿಸಿ, ಇನ್ನೊಂದು ತೆಗೆದುಕೊಂಡರು. ನಾನು ಕೇಳಿದ್ದು ಇಷ್ಟೇ.

“ಮಾವ, ಆ ಮೆಟ್ಟಿಲ ಕೆಳಗೆ ದಿನಾ ಎಲೆ ಇಡ್ತಾ ಇದ್ದದ್ದು ನೀವಾ?”